ಸ್ಟೆಪ್ನಿ ಇಲ್ಲದ ಗಾಡಿ

ಕಳೆದ ಭಾನುವಾರ ನನ್ನ ಹಳೆಯ ಕಂಪಾಸು ಬಾಕ್ಸನ್ನು ತೆರೆದೆ. ಅಕ್ಕನ ಮಗಳು ಹೈಸ್ಕೂಲಿಗೆ ಸೇರಿದ್ದಾಳೆ, ಅವಳಿಗೆ ಕೊಡೋಣ ಎಂದು. ತಳಕ್ಕೆ ಹಾಸಿದ್ದ ಕಾಗದ ಎಬ್ಬಿಸಿದಾಗ ಕನರು ಹಿಡಿದ ತೆಂಗಿನೆಣ್ಣೆಯ ವಾಸನೆ ಬಂತು. ಕಾಗದದ ಅಡಿಯಲ್ಲಿ, ತಗಡಿನ ಮೂಲೆಗೆ ಅಂಟಿಕೊಂಡು, ಕಡಲೆಕಾಳಿನಷ್ಟು ದೊಡ್ಡದೊಂದು ಕರಿಯ ರಬ್ಬರ್ ಟೈರು ಇತ್ತು.

ಅದನ್ನು ಅಂಗೈ ಮೇಲಿಟ್ಟುಕೊಂಡು ಎಷ್ಟು ಹೊತ್ತು ಕುಳಿತಿದ್ದೆನೋ... ಸಾಮಾನ್ಯವಾಗಿ ಇಂಥದ್ದನ್ನು ನಾನು ಬರೆದಿಡುತ್ತೇನೆ. ಎಂಟನೇ ತರಗತಿಯಿಂದ ದಿನಚರಿ ಬರೆಯುವವಳು ನಾನು. ಅಂದು ಮಾತ್ರ ಗಡಿಯಾರ ನೋಡಲಿಲ್ಲ.

ಆ ಟೈರು ಮಾವನದು. ಮಾವ ಎಂದರೆ ನೆಂಟರಲ್ಲ. ಹೊನ್ನಾವರದಲ್ಲಿ ನಮ್ಮ ಬೇಲಿಗೆ ತಾಗಿದ ಮನೆಯವರು. ಊರಿಗೆ ರೈಲು ಬಂದ ವರ್ಷದಿಂದ ಸ್ಟೇಷನ್ನಿನ ಹೊರಗೆ ಟ್ಯಾಕ್ಸಿ ನಿಲ್ಲಿಸುತ್ತಿದ್ದರು. ಕರಿ ಮೈ, ಹಳದಿ ತಲೆಯ ಅಂಬಾಸಿಡರ್. ಆಮೇಲೆ ಅವರ ಕೈಗಳು ನಡುಗತೊಡಗಿದವು. ಕಂಪವಾತ ಎಂದರು ಡಾಕ್ಟರು. ಒಂದು ದಿನ ಶರಾವತಿ ಸೇತುವೆಯ ಮೇಲೆ ಸ್ಟೇರಿಂಗ್ ತಮ್ಮ ಮಾತು ಕೇಳಲಿಲ್ಲವೆಂದು ಅವರೇ ಗಾಡಿ ಪಕ್ಕಕ್ಕೆ ಹಾಕಿ, ಪ್ಯಾಸೆಂಜರನ್ನು ಟೆಂಪೋ ಹತ್ತಿಸಿ, ನಡೆದುಕೊಂಡು ಮನೆಗೆ ಬಂದರು. ಮತ್ತೆ ಓಡಿಸಲಿಲ್ಲ. ಉಪ್ಪುಗಾಳಿಗೆ ತಳ ತುಕ್ಕು ಹಿಡಿದಿದ್ದ ಗಾಡಿಯನ್ನು ಕೊಳ್ಳುವವರೂ ಸಿಗಲಿಲ್ಲ. ಗುಜರಿಗೆ ಹೋಯಿತು.

ಅವರ ಮನೆಯ ಕಪಾಟಿನ ಮೇಲೆ ಬಹಳ ಕಾಲದಿಂದ ಒಂದು ದೊಡ್ಡ ರಟ್ಟಿನ ಖೋಕೆ ಇತ್ತು. ಭಟ್ಕಳದ ಸಾಹೇಬರೊಬ್ಬರನ್ನು ಮಾವ ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಬಿಡುತ್ತಿದ್ದರಂತೆ. ಮಕ್ಕಳು ದೊಡ್ಡವರಾದ ಮೇಲೆ ಸಾಹೇಬರು ದುಬೈಯಿಂದ ತಂದಿದ್ದ ಆಟಿಕೆಗಳನ್ನೆಲ್ಲ ಮಾವನಿಗೆ ಕೊಟ್ಟರು. ಹಳಿ ಸಮೇತ ಒಂದು ಆಟದ ರೈಲು, ಜೊತೆಗೆ ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಗಳು ಅರ್ಧ ಚೀಲ. ಮಾವನಿಗೆ ಮಕ್ಕಳಿರಲಿಲ್ಲ. ಬೇಡ ಎನ್ನಲು ಸಂಕೋಚವಾಗಿ ತಂದಿಟ್ಟರು. ಗಾಡಿ ಹೋದ ಮೇಲೆ ಖೋಕೆ ಕೆಳಗಿಳಿಯಿತು.

ನಾನಾಗ ಪದವಿಯ ಎರಡನೇ ವರ್ಷದಲ್ಲಿದ್ದೆ. ಬೇಲಿಯಾಚೆಯಿಂದ ಕರೆದರು.

"ತಂಗಿ, ಇದೆಂತ ನೋಡು ಮಾರಾಯ್ತಿ. ಒಂದು, ಮಧ್ಯೆ ಎರಡು ಚುಕ್ಕಿ, ಎಂಬತ್ತೇಳು. ಬಸ್ಸಿನ ನಂಬರಾ?"

ನಿಜವಾದ ರೈಲಿನ ಎಂಬತ್ತೇಳರಲ್ಲಿ ಒಂದು ಪಾಲು ಈ ರೈಲು ಎಂದು ಹೇಳಿದೆ. ಅವರು ಬೋಗಿಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಕೈ ನಡುಗುತ್ತಿದ್ದುದರಿಂದ ಬೋಗಿಯೂ ಹಳಿಯ ಮೇಲೆ ಓಡುವಂತೆ ಅಲುಗುತ್ತಿತ್ತು. "ಹಂಗಾದ್ರೆ ನಮ್ಮ ಸ್ಟ್ಯಾಂಡೂ ಅಷ್ಟೇ ಸಣ್ಣಕೆ ಮಾಡೂಕೆ ಆಗ್ತದಲ್ದಾ?" ಎಂದರು.

ಹಾಗೆ ಶುರುವಾಯಿತು. ಜಗಲಿಯಲ್ಲಿ ಮಂಚದ ಮೇಲೆ ಪ್ಲೈವುಡ್ ಹಲಗೆ ಹಾಸಿ ಹೊನ್ನಾವರ ಸ್ಟೇಷನ್ ಕಟ್ಟಿದೆವು. ಥರ್ಮಕೋಲಿನ ಗುಡ್ಡ, ರಟ್ಟಿನ ಪ್ಲಾಟ್‌ಫಾರ್ಮು. ಅಂಗಳಕ್ಕೆ ಮಾತ್ರ ಮಾವ ಬಣ್ಣ ಬಳಿಯಲು ಬಿಡಲಿಲ್ಲ. ಸ್ಟೇಷನ್ನಿನ ಎದುರಿನ ಚಿರೇಕಲ್ಲಿನ ಕೆಂಪು ಮಣ್ಣನ್ನೇ ತಂದು, ಜರಡಿ ಹಿಡಿದು, ಗೋಂದಿನ ಮೇಲೆ ಉದುರಿಸಿದರು. "ನನ್ನ ರವೆ ಜರಡಿ ನಿಮ್ಮ ಸ್ಟೇಷನ್ನಿಗೆ ಹೋತು. ನಾಳೆ ಉಪ್ಪಿಟ್ಟಲ್ಲಿ ಮಣ್ಣು ಸಿಕ್ರೆ ಸುಮ್ಮನೆ ತಿನ್ನಿ, ನಿಮ್ಮದೇ ಊರಿಂದು" ಎಂದು ಅತ್ತೆ ಒಳಗಿನಿಂದ ಕೂಗಿದರು.

ಕಷ್ಟವಾದದ್ದು ಕಾರು. ಅಂಗಡಿಯಲ್ಲಿ ಸಿಗುವ ಆಟದ ಕಾರು ತಂದಿಟ್ಟೆ; ಅದು ರೈಲಿನ ಇಂಜಿನ್ನಿಗಿಂತ ಎತ್ತರ. "ರೈಲಿಗಿಂತ ಕಾರು ದೊಡ್ಡದಿದ್ರೆ ಜನ ರೈಲು ಹತ್ತೂದು ಎಂತಕ್ಕೆ?" ಎಂದು ಮಾವ ಅದನ್ನು ಕಿಟಕಿಯಲ್ಲಿಟ್ಟರು. ಪ್ಲಾಸ್ಟಿಕ್ ಇಟ್ಟಿಗೆಯಲ್ಲೇ ಕಟ್ಟಬೇಕು ಎಂದಾಯಿತು. ಅಂಬಾಸಿಡರಿನ ಅಗಲವನ್ನು ಎಂಬತ್ತೇಳರಿಂದ ಭಾಗಿಸಿದರೆ ಹತ್ತೊಂಬತ್ತು ಮಿಲಿಮೀಟರ್. ಇಟ್ಟಿಗೆಯ ನೆತ್ತಿಯ ಮೇಲೆ ಗುಬ್ಬಿಗಳಿರುತ್ತವಲ್ಲ, ಎರಡು ಗುಬ್ಬಿಯ ಅಗಲ ಹದಿನಾರು, ಮೂರು ಗುಬ್ಬಿಯದು ಇಪ್ಪತ್ನಾಲ್ಕು. ನಡುವೆ ಏನೂ ಇಲ್ಲ. ಎರಡರಲ್ಲಿ ಕಟ್ಟಿದ್ದನ್ನು ನೋಡಿ ಮಾವ "ಇದು ಕಾರಲ್ಲ, ಉಪವಾಸ ಬಿದ್ದ ರಿಕ್ಷಾ" ಎಂದರು. ಮೂರರಲ್ಲಿ ಕಟ್ಟಿದ್ದಕ್ಕೆ "ಇದು ಮದುವೆ ಮನೆಯಿಂದ ಬಂದ ಲಾರಿ" ಎಂದರು. ನಾನು ಸ್ಕೇಲು ಹಿಡಿದು ಮತ್ತೆ ಮತ್ತೆ ಅಳೆಯುತ್ತಿದ್ದರೆ, "ನೀ ಅಳೀತಾ ಕೂತ್ರೆ ಗಾಡಿ ಹೊರಡೂದು ಯಾವಾಗ? ಪ್ಯಾಸೆಂಜರು ಗೋಕರ್ಣಕ್ಕೆ ನಡ್ಕಂಡೇ ಹೋಗಿ ಮುಟ್ತ" ಎಂದು ರೇಗಿಸುತ್ತಿದ್ದರು.

ದಾರಿ ತೋರಿಸಿದ್ದೂ ಅವರೇ. ಕುಮಟೆಯ ಗ್ಯಾರೇಜಿನಲ್ಲಿ ತುಕ್ಕು ಹಿಡಿದ ತಳಕ್ಕೆ ತಗಡು ಬೆಸೆಯಲು ಗಾಡಿಯನ್ನು ಎತ್ತುವ ಸಾಧನವಿರಲಿಲ್ಲವಂತೆ. ಇಂಜಿನ್ ಇಳಿಸಿ, ಹಳೇ ಟೈರುಗಳ ಮೇಲೆ ಗಾಡಿಯನ್ನು ಮಗ್ಗುಲಾಗಿ ಮಲಗಿಸಿ ಬೆಸೆಯುತ್ತಿದ್ದರಂತೆ. "ಇದನ್ನೂ ಮಗ್ಗಲಿಗೆ ಮಲಗ್ಸಿ ಕಟ್ಟುವ" ಎಂದರು. ಇಟ್ಟಿಗೆಗಳ ಜೊತೆಗಿದ್ದ ತೆಳ್ಳಗಿನ ಬಿಲ್ಲೆಗಳನ್ನು ಅಡ್ಡ ಮಲಗಿಸಿ ಒಂದರ ಮೇಲೊಂದು ಆರು ಪದರ ಕೂಡಿಸಿದೆ, ಕೊನೆಯದಕ್ಕೆ ಗುಬ್ಬಿಯಿಲ್ಲದ ನುಣುಪು ಬಿಲ್ಲೆ. ಆಮೇಲೆ ಎತ್ತಿ ನಿಲ್ಲಿಸಿ ಅಳೆದೆ. ಹತ್ತೊಂಬತ್ತು, ಮೇಲೊಂದು ಕೂದಲೆಳೆ. ಮಾವ ಕಾರನ್ನು ಕೆಂಪು ಮಣ್ಣಿನ ಮೇಲಿಟ್ಟು, ಮಂಚದ ಪಕ್ಕ ನೆಲದಲ್ಲಿ ಕುಳಿತು, ಕಣ್ಣನ್ನು ಹಲಗೆಯ ಮಟ್ಟಕ್ಕೆ ತಂದು ನೋಡುತ್ತಲೇ ಇದ್ದರು.

ಸ್ಟ್ಯಾಂಡಿನಲ್ಲಿ ಅವರು ಓಡಿಸುತ್ತಿದ್ದ ಕಾಲದ ಎಂಟು ಗಾಡಿಗಳನ್ನೂ ಮಾಡಬೇಕೆಂದಿತ್ತು. ಎಲ್ಲವೂ ಕರಿ ಹಳದಿಯೇ, ಎಲ್ಲವೂ ಬೇರೆಯೇ. ಬಾಡ ಎಂಬ ಊರಿನವನ ಗಾಡಿಗೆ ಒಂದು ದೀಪ ಒಡೆದಿತ್ತು. ನಮ್ಮದರಲ್ಲೂ ಪಾರದರ್ಶಕ ಬಿಲ್ಲೆ ಒಂದೇ. ತೆಂಗಿನಗುಂಡಿಯವನದು ಸ್ಪ್ರಿಂಗ್ ಹೋಗಿ ಎಡಕ್ಕೆ ವಾಲುತ್ತಿತ್ತು. ಆ ಬದಿಯ ಟೈರುಗಳನ್ನು ಮಾವ ಬ್ಲೇಡಿನಿಂದ ಕೆತ್ತಿ ಸಣ್ಣದು ಮಾಡಿದರು. ಒಬ್ಬನದಕ್ಕೆ ಮೇಲೆ ಕ್ಯಾರಿಯರ್. ಮಾವನನ್ನು ಬಿಟ್ಟು ಉಳಿದ ಏಳು ಜನರಲ್ಲಿ ಐವರು ತೀರಿಕೊಂಡಿದ್ದರು. ಮಾವ ಟೈರುಗಳಿಗೆ ಬೆರಳ ತುದಿಯಲ್ಲಿ ತೆಂಗಿನೆಣ್ಣೆ ಸವರುತ್ತಿದ್ದರು, ಆಯುಧಪೂಜೆಯ ದಿನ ಸವರುತ್ತಿದ್ದ ಹಾಗೆ.

ಸ್ಟ್ಯಾಂಡಿನ ನಿಯಮ ಪಾಳಿ. ಮೊದಲು ಬಂದವನು ಮುಂದೆ. ಬಾಡಿಗೆ ಮುಗಿಸಿ ಬಂದವನು ಸಾಲಿನ ಬಾಲಕ್ಕೆ. ಮಾವ ತಮ್ಮ ಗಾಡಿ ಕಟ್ಟುವುದನ್ನು ಕೊನೆಗೆ ಇಟ್ಟುಕೊಂಡರು. ಸಾಲಿನ ಬಾಲದಲ್ಲಿ ಪೆನ್ಸಿಲಿನಿಂದ ಒಂದು ಚೌಕ ಎಳೆದು ಖಾಲಿ ಬಿಟ್ಟರು. "ನಾನು ಬಾಡಿಗೆಗೆ ಹೋಗಿದ್ದೆ ಅಂತ ತಿಳ್ಕ. ಬತ್ತಾ ಇದ್ದೆ" ಎಂದರು. ಅಷ್ಟರಲ್ಲಿ ಅವರ ಕೈ ಬಹಳ ಕೆಟ್ಟಿತ್ತು. ಚಹದ ಲೋಟ ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಬೆರಳು ಪೂರ್ತಿ ಹೋಗುವ ಮೊದಲು ತಮ್ಮ ಗಾಡಿಯನ್ನು ತಾವೇ ಕಟ್ಟಿ ಪಾಳಿಗೆ ನಿಲ್ಲಿಸಬೇಕು. ಬೇರೆ ಆಸೆ ಯಾವುದೂ ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

ಕಟ್ಟಿದರು. ಒಂದು ಬಿಲ್ಲೆ ಕೂರಿಸಲು ಒಂದೊಂದು ಸಂಜೆ ಹಿಡಿಯುತ್ತಿತ್ತು. ನಾನು ಸಹಾಯಕ್ಕೆ ಕೈ ಚಾಚಿದರೆ "ಇದು ನಂದು" ಎನ್ನುತ್ತಿದ್ದರು. ಮಳೆಗಾಲದ ನಡುವೆ ಗಾಡಿ ಮುಗಿಯಿತು, ಡಿಕ್ಕಿಯೊಳಗಿನ ಸ್ಟೆಪ್ನಿಯೊಂದನ್ನು ಬಿಟ್ಟು. ಡಿಕ್ಕಿ ಮುಚ್ಚಿದರೆ ಯಾರಿಗೂ ಕಾಣುವುದಿಲ್ಲ ಎಂದೆ.

"ಕಾಣೂದಕ್ಕಲ್ಲ ತಂಗಿ ಸ್ಟೆಪ್ನಿ ಇಡೂದು. ಅದಿಲ್ದೆ ನಾ ಒಂದಿನ ಗಾಡಿ ಸ್ಟ್ಯಾಂಡಿಗೆ ತರಲಿಲ್ಲ."

ಟೈರು ಹೆಚ್ಚಿಗೆ ಇದ್ದದ್ದು ಒಂದೇ ಒಂದು. ಅದಕ್ಕೆ ಎಣ್ಣೆ ಸವರಿ, ಚಿಮಟಿಯಲ್ಲಿ ಹಿಡಿದು ಡಿಕ್ಕಿಯ ಹತ್ತಿರ ತಂದಾಗ ಕೈ ಜೋರಾಗಿ ನಡುಗಿತು. ಟೈರು ಹಾರಿತು. ನೆಲಕ್ಕೆ ಬಿದ್ದ ಸದ್ದೂ ಆಗಲಿಲ್ಲ. ಮಂಚದ ಅಡಿ, ಚಾಪೆ, ಬಾಗಿಲ ಸಂದು, ಅತ್ತೆಯ ಸೆರಗು, ಎಲ್ಲ ಹುಡುಕಿದೆವು. ಮರುದಿನ ಟಾರ್ಚು ಹಿಡಿದು ಮತ್ತೆ ಹುಡುಕಿದೆವು. ನನ್ನ ಕಂಪಾಸು ಬಾಕ್ಸು ಅಲ್ಲೇ, ಹಲಗೆಯ ಮೇಲೆ, ತೆರೆದೇ ಇತ್ತು...

ವಾಲುವ ಗಾಡಿಯದೊಂದು ಟೈರು ತೆಗೆದು ಇಡೋಣವೇ ಎಂದು ಕೇಳಿದೆ. "ಅವನ ಗಾಡಿದು ಕಳಚಿ ನಂಗೆ ಹಾಕೂದಾ? ಛೇ" ಎಂದರು. "ಸಿಗ್ತದೆ. ಸಿಕ್ಕ ಮೇಲೆ ನಿಲ್ಸುವ." ಗಾಡಿಯನ್ನು ಪ್ಲಾಟ್‌ಫಾರ್ಮಿನ ಆಚೆ, ಗುಡ್ಡದ ಹಿಂದೆ ಇಟ್ಟರು. ಚೌಕ ಖಾಲಿ ಉಳಿಯಿತು.

ಅದಾಗಿ ಸ್ವಲ್ಪ ದಿನಕ್ಕೆ ಮಾವ ಬಾವಿಕಟ್ಟೆಯ ಹತ್ತಿರ ಬಿದ್ದರು. ಸೊಂಟದ ಮೂಳೆ. ಮಂಗಳೂರಿನ ಆಸ್ಪತ್ರೆಗೆ ಒಯ್ದರು, ಅತ್ತೆಯೂ ಜೊತೆಗೆ ಹೋದರು. ಅಷ್ಟರಲ್ಲಿ ಚೌತಿ ಬಂತು. ಮನೆಯಲ್ಲಿ ಗಣಪತಿ ಕೂರಿಸುವುದು ತಪ್ಪಬಾರದೆಂದು ಬಾಡದಿಂದ ಅತ್ತೆಯ ತಂಗಿ ಸಂಸಾರ ಸಮೇತ ಬಂದರು. ಅವರು ಅಂಗನವಾಡಿ ಟೀಚರು; ನಮ್ಮ ಕಡೆ ಬಾಯಿ ಎನ್ನುತ್ತಾರೆ. ಚುರುಕು, ಕೈ ಚೊಕ್ಕ, ಮಾತೂ ಮೆದು. ನಾನು ಹಬ್ಬಕ್ಕೆ ಕಾಗಾಲದ ಅಜ್ಜಿಮನೆಗೆ ಹೋಗಿದ್ದೆ. ಗಣಪತಿಯ ಮಂಟಪ ಕಟ್ಟುವುದು ಜಗಲಿಯಲ್ಲಿ. ಹಲಗೆ ಎತ್ತಲೇಬೇಕಿತ್ತು. ಎತ್ತುವಾಗ ಕಾರುಗಳು ಬಿದ್ದು ಒಡೆಯಬಾರದೆಂದು ಅವರು ಎಂಟನ್ನೂ ಬಿಡಿಸಿದರು. ಸೋಪಿನ ಪುಡಿಯಲ್ಲಿ ತೊಳೆದು, ಗೆರಸೆಯಲ್ಲಿ ಒಣಗಿಸಿ, ಕರಿಯದು ಒಂದು ಡಬ್ಬಿಗೆ, ಹಳದಿ ಒಂದು ಡಬ್ಬಿಗೆ, ಪಾರದರ್ಶಕದ್ದು ಒಂದಕ್ಕೆ, ಟೈರು ಒಂದಕ್ಕೆ ಹಾಕಿಟ್ಟರು. ಅಂಗನವಾಡಿಯಲ್ಲಿ ಮಕ್ಕಳಿಗೆ ದಿನಾ ಕಲಿಸುವುದು ಅದನ್ನೇ.

ಮಾವನನ್ನು ಮನೆಗೆ ತಂದ ದಿನ ನಾನೂ ಅಲ್ಲಿದ್ದೆ. ಮಂಚದ ಮೇಲೆ ಸ್ಟೇಷನ್ ಇರಲಿಲ್ಲ, ಅವರನ್ನೇ ಮಲಗಿಸಿದರು. ಅವರು ತಲೆ ಹೊರಳಿಸಿ ಜಗಲಿಯನ್ನೆಲ್ಲ ನೋಡುತ್ತಿದ್ದಾಗ ಬಾಯಿ ನಗುತ್ತ ನಾಲ್ಕು ಡಬ್ಬಿ ತಂದಿಟ್ಟರು.

"ಭಾವ, ಒಂದೂ ಕಳೀಲಿಲ್ಲ ನೋಡಿ. ಕಸ ಗುಡ್ಸುವಾಗ್ಲೂ ಎರಡೆರಡು ಸಲ ನೋಡಿದ್ದೆ. ಎಣ್ಣೆ ಜಿಡ್ಡು ಎಷ್ಟಿತ್ತು ಗೊತ್ತಾ! ಈಗ ಹೊಸದರ ಹಂಗೆ ಅದೆ."

ಮಾವ ಹಳದಿ ಡಬ್ಬಿಯೊಳಗೆ ಕೈ ಹಾಕಿದರು. ತೆಗೆಯಲಿಲ್ಲ. ನಡುಗುವ ಕೈಯೊಳಗೆ ಬಿಲ್ಲೆಗಳು ಗಲಗಲ ಎನ್ನುತ್ತಿದ್ದವು. ಆ ಸದ್ದಿಗೆ ಬಾಯಿಯ ಚಿಕ್ಕ ಮಗ ನಕ್ಕ. ನಾನು ಏನೋ ಹೇಳಹೊರಟೆ. ಮಾವ ನನ್ನತ್ತ ನೋಡಿ ತಲೆಯಾಡಿಸಿದರು, ಬೇಡ ಎನ್ನುವಂತೆ.

"ಆತು," ಎಂದರು ಬಾಯಿಗೆ. "ಚಂದ ತೊಳ್ದಿದ್ಯೆ."

ಅಂದು ರಾತ್ರಿ ನನ್ನ ದಿನಚರಿ ತೆಗೆದೆ. ಯಾವ ಗಾಡಿಗೆ ಎಷ್ಟು ಕರಿಯದು, ಎಷ್ಟು ಹಳದಿ ಎಂದು ಬರೆದಿಟ್ಟಿದ್ದೆ. ಮರುದಿನ ಡಬ್ಬಿಗಳ ಜೊತೆ ತಾಳೆ ನೋಡಿದೆ. ಬಾಯಿಯ ಮಾತು ನಿಜ, ಒಂದೂ ಕಳೆದಿರಲಿಲ್ಲ. ಆದರೆ ಯಾವುದರ ಮೇಲೆ ಯಾವುದು, ಯಾವ ಕಡೆಗೆ ಮುಖ, ಅದು ಮಾವನ ಬೆರಳಲ್ಲಿ ಇತ್ತೇ ಹೊರತು ನನ್ನ ಪುಸ್ತಕದಲ್ಲಿ ಇರಲಿಲ್ಲ. ಪುಸ್ತಕದ ಕೊನೆಯ ಸಾಲು: ಟೈರು, ಒಂದು ಕಡಿಮೆ.

ಕಟ್ಟಲು ನೋಡಿದೆ. ಪರೀಕ್ಷೆ ಮುಗಿದ ಮೇಲೆ ದಿನಾ ಸಂಜೆ ಅವರ ಮಂಚದ ಪಕ್ಕ ಕುಳಿತು ಆರು ಪದರ ಕೂಡಿಸುತ್ತಿದ್ದೆ. ಅಗಲ ಸರಿ ಬರುತ್ತಿತ್ತು, ಉದ್ದವೂ ಸರಿ. ಮಾವ ಹತ್ತಿರ ಹಿಡಿದು ನೋಡಿ "ಇದು ಯಾರ ಗಾಡಿ?" ಎಂದು ಕೇಳುತ್ತಿದ್ದರು. ಬಾಡದವರದು ಎನ್ನುತ್ತಿದ್ದೆ. ಅವರು ಹೌದು ಎನ್ನುತ್ತಿರಲಿಲ್ಲ, ಅಲ್ಲ ಎಂದೂ ಅನ್ನುತ್ತಿರಲಿಲ್ಲ. ಒಂದು ಸಂಜೆ ಡಬ್ಬಿಯ ಮುಚ್ಚಳವನ್ನು ತಾವೇ ನನ್ನ ಕಡೆ ದೂಡಿದರು.

"ಬಿಡು ತಂಗಿ. ಎಲ್ಲರೂ ಬಾಡಿಗೆಗೆ ಹೋಗ್ಯಾರೆ. ಸ್ಟ್ಯಾಂಡ್ ಖಾಲಿ."

ಅಲ್ಲಿಂದ ಮುಂದೆ ಅವರು ಹೆಚ್ಚು ಮಾತಾಡಲಿಲ್ಲ. ಕೇಳಿದರೆ ಉತ್ತರ, ಇಲ್ಲವಾದರೆ ಗೋಡೆಯ ಕಡೆ ಮುಖ. ಮುಂದಿನ ಚೌತಿಗೆ ಆ ಮನೆಯಲ್ಲಿ ಸೂತಕವಿತ್ತು.

ಕಳೆದ ಭಾನುವಾರ ಟೈರು ಸಿಕ್ಕಾಗ ಅದನ್ನು ಕಾಗದದಲ್ಲಿ ಕಟ್ಟಿಕೊಂಡು ಅತ್ತೆಯ ಹತ್ತಿರ ಹೋದೆ. ಅಂಗಳದಲ್ಲಿ ಕೋಳಿಗೂಡಿನ ಬಾಗಿಲು ಸರಿಪಡಿಸುತ್ತಿದ್ದರು. ಕಾಗದ ಬಿಡಿಸಿ ತೋರಿಸಿದೆ. ಅವರು ಮೂಗಿನ ಹತ್ತಿರ ತಂದು ಮೂಸಿದರು. 

"ಈಗ ಸಿಕ್ತಾ?" ಎಂದರು. ಟೈರನ್ನು ನನ್ನ ಅಂಗೈಗೆ ಹಾಕಿ, "ಎಂತಕ್ಕೆ ಸಿಕ್ತು ತಂಗಿ..." ಎಂದರು.

 ಡಬ್ಬಿಗಳು ಎಲ್ಲಿ ಎಂದು ಕೇಳಿದೆ. ಅವರೇ ಬಾಡದ ಅಂಗನವಾಡಿಗೆ ಕೊಟ್ಟುಬಿಟ್ಟಿದ್ದರು. ಮಕ್ಕಳು ಗೋಪುರ ಕಟ್ಟುತ್ತಾರಂತೆ. ಅತ್ತೆ ಬೆರಳು ತೋರಿಸಿದ ಮೇಲೆ ನೋಡಿದೆ, ಕೋಳಿಗೂಡಿನ ಮಾಡು ನಮ್ಮ ಪ್ಲೈವುಡ್ ಹಲಗೆ. ಮಳೆಗೆ ಪದರ ಬಿಟ್ಟುಕೊಂಡಿದೆ. ಕೆಂಪು ಮಣ್ಣು ಬಹುಪಾಲು ತೊಳೆದುಹೋಗಿದೆ, ಮೂಲೆಯಲ್ಲಿ ಅಂಗೈಯಗಲ ಉಳಿದಿದೆ. ಪೆನ್ಸಿಲಿನ ಚೌಕ ಇನ್ನೂ ಕಾಣುತ್ತದೆ.

ಟೈರನ್ನು ಅದರೊಳಗೆ ಇಟ್ಟೆ. ಅಷ್ಟು ದೊಡ್ಡ ಖಾಲಿ ಜಾಗದಲ್ಲಿ ಅದು ಹಿಕ್ಕೆಯ ಹಾಗೆ ಕಂಡಿತು. ಕೋಳಿಯೊಂದು ಹಾರಿ ಬಂದು ಕುಕ್ಕಲು ನೋಡಿತು. ಓಡಿಸಿ, ಟೈರು ತೆಗೆದುಕೊಂಡು ಮನೆಗೆ ಬಂದೆ.

ಆ ವರ್ಷದ ದಿನಚರಿಯನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡು ಕುಳಿತಿದ್ದೇನೆ. ಟೈರು, ಒಂದು ಕಡಿಮೆ. ತಪ್ಪಿದ ಲೆಕ್ಕವನ್ನು ಕೆಂಪು ಪೆನ್ನಿನಿಂದ ತಿದ್ದಿ, ಪಕ್ಕದಲ್ಲಿ ತಾರೀಖು ಹಾಕುವುದು ನನ್ನ ರೂಢಿ. ಪೆನ್ನು ಎರಡು ಸಲ ತೆಗೆದೆ, ಎರಡು ಸಲವೂ ಮುಚ್ಚಿಟ್ಟೆ. ಸ್ಟೆಪ್ನಿ ನನ್ನ ಮುಂದಿದೆ. ಇಡಲು ಗಾಡಿಯಿಲ್ಲ.