ತೊಡೆಯ ಮೇಲೆ ಪರರ ಬ್ಯಾಗು

ಹಳೇಬೀಡಿನ ಕಾಂಚನಮಾಲಾಗೆ ಹೊಟ್ಟೆಕಿಚ್ಚು ಹುಟ್ಟುಗುಣವೇನಲ್ಲ. ವಾರಗಿತ್ತಿ ದರ್ಶಿನಿ ಸಿಂಗಪುರಕ್ಕೆ ಹೋಗಿಬಂದ ಮೇಲೆ ಶುರುವಾದದ್ದು. ಶುರುವಾದ ಮೇಲೆ ಮಾತ್ರ ಅದಕ್ಕೆ ಒಂದು ದಿನವೂ ರಜೆ ಇರಲಿಲ್ಲ.

ಅದಕ್ಕೂ ಮುಂಚೆ ಆ ಮನೆಯಲ್ಲಿ ದೂರದ ಊರು ಕಂಡ ಹೆಂಗಸೆಂದರೆ ಅವಳೊಬ್ಬಳೇ. ಮದುವೆಯಾದ ಹೊಸತರಲ್ಲಿ ಗಂಡ ಜಿನಪ್ಪನ ಜೊತೆ ಅರಸೀಕೆರೆಯಲ್ಲಿ ರೈಲು ಹತ್ತಿ ಉತ್ತರದ ಜೈನರ ಪುಣ್ಯಬೆಟ್ಟ ಸಮ್ಮೇದ ಶಿಖರ್ಜಿಗೆ ಹೋಗಿಬಂದಿದ್ದಳು. ಬಸದಿಯಲ್ಲಿ ಪೂಜೆಯಿರಲಿ, ಯಾರದೋ ಮನೆಯಲ್ಲಿ ಸೀಮಂತವಿರಲಿ, ಹೆಂಗಸರು ಸುತ್ತ ಕೂತು, "ಕಾಂಚನಕ್ಕ, ಆ ಬೆಟ್ಟ ಹತ್ತಿದ್ದು ಹೇಳಿ" ಎನ್ನುತ್ತಿದ್ದರು. ಹೇಳಿದ್ದನ್ನೇ ಮತ್ತೆ ಹೇಳುವಾಗಲೂ ಅವಳ ಮುಖ ಅರಳುತ್ತಿತ್ತು. ಬೇರೆ ದೊಡ್ಡಸ್ತಿಕೆಯನ್ನು ಅವಳು ಬಯಸಿದವಳಲ್ಲ.

ದರ್ಶಿನಿಯ ಗಂಡ, ಮೈದುನ ಅನಂತನದು ಗೊಬ್ಬರದ ಅಂಗಡಿ. ಚೆನ್ನಾಗಿ ವ್ಯಾಪಾರ ಮಾಡಿದ ಅಂಗಡಿಯವರನ್ನು ಕಂಪನಿಯವರು ಹೆಂಡತಿ ಸಮೇತ ಸಿಂಗಪುರಕ್ಕೆ ಕರೆದೊಯ್ದರು. ತೋಟ ನೋಡಿಕೊಳ್ಳುವ ಜಿನಪ್ಪನನ್ನು ಯಾರು ಕರೆದೊಯ್ಯಬೇಕು? ತೆಂಗಿನ ಮರ ಯಾರನ್ನೂ ವಿಮಾನ ಹತ್ತಿಸುವುದಿಲ್ಲ. ದರ್ಶಿನಿ ವಾಪಸು ಬಂದದ್ದೇ ತಡ, ಹೆಂಗಸರೆಲ್ಲ ಅವಳ ಸುತ್ತ. ಶಿಖರ್ಜಿ ಮೂಲೆಗುಂಪಾಯಿತು. "ಅಲ್ಲಿ ಸಿಟಿ ಬಸ್ಸಲ್ಲೂ ಏಸಿ ಕಣ್ರೀ" ಎಂದು ದರ್ಶಿನಿ ಹೇಳುವಾಗ ಕಾಂಚನಮಾಲಾ ಒಳಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದಳು.

ಒಂದು ಬೆಳಿಗ್ಗೆ ಕಾಯಿ ಸುಲಿಯುತ್ತಿದ್ದ ಜಿನಪ್ಪ ತನ್ನಷ್ಟಕ್ಕೆ ನಗತೊಡಗಿದ. ಏನೆಂದು ಕೇಳಿದರೆ, "ಅನಂತ ಹೇಳ್ದ ಕಣೇ. ಹೊರಗಿನ ಊಟ ಆಗಲ್ಲ ಅಂತ ದರ್ಶಿನಿ ಹೋದಲ್ಲೆಲ್ಲ ಚಪಾತಿ, ಚಟ್ನಿಪುಡಿ ಬ್ಯಾಗಲ್ಲಿ ಹೊತ್ಕೊಂಡೇ ತಿರುಗ್ತಿದ್ಳಂತೆ. ಅಲ್ಲಿ ಬಸ್ಸಲ್ಲಿ ಸೀಟು ಸಿಗ್ಲಿಲ್ಲ. ಕೂತಿದ್ದ ಹೆಂಗಸಿನ ತೊಡೆ ಮೇಲೆ ಆ ಬ್ಯಾಗು ಇಟ್ಟೇಬಿಟ್ಳಂತೆ. ಆಯಮ್ಮ ಕಿರುಚಿದ್ದಕ್ಕೆ ಡ್ರೈವರು ಬಸ್ ನಿಲ್ಲಿಸಿ, ಇವ್ರನ್ನ ಇಳಿಸಿ, ಬ್ಯಾಗ್ ಬಿಚ್ಚಿಸಿದ್ನಂತೆ. ಯಾರಿಗೂ ಹೇಳ್ಬೇಡ ಮತ್ತೆ" ಎಂದ.

ನಮ್ಮ ಕಡೆ ಬಸ್ಸಿನಲ್ಲಿ ನಿಂತವರ ಬ್ಯಾಗು ಇರಬೇಕಾದ್ದೇ ಕೂತವರ ತೊಡೆ ಮೇಲೆ. ಯಾರೂ ಕೇಳುವುದಿಲ್ಲ, ಯಾರೂ ಬೇಡ ಎನ್ನುವುದಿಲ್ಲ. ಸಿಂಗಪುರದವರಿಗೆ ಇದು ಗೊತ್ತಿಲ್ಲದ್ದು ದರ್ಶಿನಿಯ ತಪ್ಪಲ್ಲ. ಆದರೆ ಕಾಂಚನಮಾಲಾಗೆ ಬೇಕಿದ್ದದ್ದು ನ್ಯಾಯವಲ್ಲ, ದರ್ಶಿನಿಯ ಮುಖಭಂಗ.

ಮುಂದಿನ ವಾರ ನೆಂಟರ ಮನೆಯ ನಾಮಕರಣದಲ್ಲಿ ತುಂಬಿದ ಸಭೆಯ ನಡುವೆ, "ಬಸ್ಸಿಂದ ಇಳಿಸಿದ್ರಂತಲ್ಲ ದರ್ಶಿನಿ, ಅದ್ನೂ ಹೇಳು" ಎಂದಳು. ದರ್ಶಿನಿ ಒಂದು ಗಳಿಗೆ ಕೆಂಪಾದಳು. ಆಮೇಲೆ ಎದ್ದು ನಿಂತು, ಆ ಹೆಂಗಸು ಕಿರುಚಿದಂತೆ ಕಿರುಚಿ, ಡ್ರೈವರು ಚಟ್ನಿಪುಡಿ ಮೂಸಿ ಸೀನಿದಂತೆ ಸೀನಿ ತೋರಿಸಿದಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು, ಇನ್ನೊಮ್ಮೆ ಹೇಳಿಸಿದರು. ಅವಮಾನವೂ ಅವಳಿಗೆ ಒಡವೆಯಂತೆ ಒಪ್ಪುತ್ತದಲ್ಲ ಎಂದು ಕಾಂಚನಮಾಲಾ ಒಳಗೊಳಗೇ ಬೆಂದುಹೋದಳು.

ಅದೇ ತಿಂಗಳು ಅವಳು ಬೇಲೂರಿಗೆ ಹೊರಟಿದ್ದಳು. ಬಸ್ಸು ಕಿಕ್ಕಿರಿದಿತ್ತು. ಅವಳಿಗೆ ನಡುದಾರಿ ಪಕ್ಕದ ಸೀಟು ಸಿಕ್ಕಿತ್ತು. ದೇವಸ್ಥಾನ ನೋಡಿ ಬಂದಿದ್ದ ವಿದೇಶಿ ಹೆಂಗಸೊಬ್ಬಳು ಕೈಚೀಲ ಹಿಡಿದು ಪಕ್ಕದಲ್ಲೇ ಜೋಲಿ ಹೊಡೆಯುತ್ತಾ ನಿಂತಿದ್ದಳು. ಕಾಂಚನಮಾಲಾಳ ಕೈ ತಾನಾಗಿಯೇ ಚಾಚಿತು, ಚೀಲ ಎಳೆದುಕೊಂಡಿತು. ಆಕೆ ಗಾಬರಿಯಿಂದ ಕೂಗುತ್ತಾ ವಾಪಸು ಎಳೆದಳು. ಇವಳೂ ಬಿಡಲಿಲ್ಲ. ಕಂಡಕ್ಟರು ಓಡಿಬಂದ. ಅಷ್ಟರಲ್ಲಿ ಕೂತಿದ್ದವರೆಲ್ಲ ತಂತಮ್ಮ ತೊಡೆ ಮೇಲಿದ್ದ ಚೀಲಗಳನ್ನು ಮೇಲೆತ್ತಿ, ಇದು ಇವರದು, ಅದು ಅವರದು ಎಂದು ನಿಂತವರ ಕಡೆ ಬೆರಳು ತೋರಿಸಿದರು. ಆಕೆ ಸುತ್ತಲೂ ನೋಡಿದಳು, ನಾಚಿ ನಕ್ಕಳು, ತಾನೇ ಚೀಲವನ್ನು ಇವಳ ತೊಡೆ ಮೇಲಿಟ್ಟಳು.

ಮಾದಿಹಳ್ಳಿಯಲ್ಲಿ ಆಕೆಗೂ ಎದುರು ಸೀಟು ಸಿಕ್ಕಿತು. ಅಲ್ಲೇ ಹತ್ತಿದ ಗಿಡ್ಡಮ್ಮ ಎಂಬ ಮುದುಕಿ ಹುರುಳಿಕಾಳಿನ ಚೀಲ ಹಿಡಿದು ತಡವರಿಸುತ್ತಿದ್ದಳು. ವಿದೇಶಿ ಹೆಂಗಸು ಎರಡೂ ಕೈ ಚಾಚಿ ಆ ಚೀಲ ಇಸಿದುಕೊಂಡಳು. ತೊಡೆಯ ಮೇಲಿಟ್ಟುಕೊಂಡು, ಸರಿಯೇ ಎಂಬಂತೆ ಕಾಂಚನಮಾಲಾಳನ್ನೇ ನೋಡಿದಳು. ಇವಳು ತಲೆಯಾಡಿಸಿದಳು. "ಒಳ್ಳೇದಾಗ್ಲಿ ಕಣವ್ವ, ನಿಮ್ ಕಡೆನೂ ಹಿಂಗೇ ಐತಾ?" ಎಂದಳು ಗಿಡ್ಡಮ್ಮ. ಕಾಂಚನಮಾಲಾಗೆ ಎದೆಯುಬ್ಬಿತು. ಈಗ ತನಗೂ ಹೇಳಲು ಒಂದು ಸಂಗತಿಯಿತ್ತು.

ಮನೆಗೆ ಬಂದವಳೇ ಎಲ್ಲರನ್ನೂ ಕೂರಿಸಿ ಶುರುಮಾಡಿದಳು. ಚೀಲ ಎಳೆದಾಡಿದ್ದರವರೆಗೆ ಬಂದಿದ್ದಳು, ಅಷ್ಟೇ. "ಅಯ್ಯೋ, ಇದು ದರ್ಶಿನಿದೇ ಕತೆ!" ಎಂದು ಜಿನಪ್ಪ ಬಿದ್ದು ಬಿದ್ದು ನಕ್ಕ. ಎಲ್ಲರೂ ಮತ್ತೆ ಸಿಂಗಪುರಕ್ಕೆ ಹೊರಟುಹೋದರು. ಉಳಿದದ್ದು ಅವಳ ಗಂಟಲಲ್ಲೇ ಉಳಿಯಿತು.

ಮುಂದಿನ ಪೂಜೆಯ ದಿನ ಬಸದಿಯಲ್ಲಿ ಊಟದ ಪಂಕ್ತಿ ನಡೆದಿತ್ತು. ಕಾಂಚನಮಾಲಾ ಮಜ್ಜಿಗೆ ಬಡಿಸುತ್ತಿದ್ದಳು. ಎಲೆ ಮುಂದೆ ಕೂತ ದರ್ಶಿನಿ ತನ್ನ ಕತೆ ಮುಗಿಸಿ, "ನಮ್ಮಕ್ಕಂಗೂ ಹಿಂಗೇ ಆಯ್ತು" ಎಂದು ಬೇಲೂರು ಬಸ್ಸಿಗೆ ಬಂದಳು. ಚೀಲ ಎಳೆದಾಡಿದ್ದನ್ನು ಕಾಂಚನಮಾಲಾಗಿಂತ ಚೆನ್ನಾಗಿಯೇ ಹೇಳಿದಳು. ಆಮೇಲೆ ತಲೆಯೆತ್ತಿ, "ಮುಂದೇನಾಯ್ತು ಅಕ್ಕ? ಅವತ್ತು ನೀವು ಪೂರ್ತಿ ಹೇಳಲೇ ಇಲ್ಲ" ಎಂದಳು. ಆ ದನಿಯಲ್ಲಿ ಕಪಟವಿರಲಿಲ್ಲ.

ಇಡೀ ಪಂಕ್ತಿ ಕೈಯ ತುತ್ತು ಹಿಡಿದು ಕಾಂಚನಮಾಲಾಳತ್ತ ತಿರುಗಿತು. ಇಷ್ಟು ದಿನ ಅವಳು ಹಂಬಲಿಸಿದ್ದು ಇದಕ್ಕೇ. ಹೇಳಿದರೆ ನಾಳೆ ಅದೂ ದರ್ಶಿನಿಯ ಬಾಯಿಗೆ ಹೋಗುತ್ತದೆ, ಅಲ್ಲಿ ಇನ್ನಷ್ಟು ಚಂದವಾಗುತ್ತದೆ.

"ಮುಂದೇನು? ಬೇಲೂರು ಬಂತು, ಇಳಿದ್ವಿ" ಎಂದು ಅವಳು ಮುಂದಿನ ಎಲೆಗೆ ಮಜ್ಜಿಗೆ ಬಡಿಸಿದಳು.