ಸಡಿಲವಾಗುವ ಬೋಲ್ಟು

ಅರಸೀಕೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದೇನೆ. ಗಿರಾಕಿಗಳಲ್ಲಿ ಸಣ್ಣಯ್ಯನವರಷ್ಟು ನನ್ನ ತಲೆ ತಿಂದವರು ಇನ್ನೊಬ್ಬರಿಲ್ಲ.

ಸಣ್ಣಯ್ಯ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದವರು. ಮೂವತ್ನಾಲ್ಕು ವರ್ಷ ದಿನಾ ಬೆಳಿಗ್ಗೆ ಸುತ್ತಿಗೆ, ಸ್ಪ್ಯಾನರ್ ಹೆಗಲಿಗೇರಿಸಿಕೊಂಡು ಹಳಿಯುದ್ದಕ್ಕೂ ನಡೆದು, ಬಡಿದು ನೋಡಿ, ಸಡಿಲವಾದದ್ದನ್ನು ಬಿಗಿ ಮಾಡುವುದೇ ಅವರ ಕೆಲಸ. ನಿವೃತ್ತರಾದ ಮೇಲೆ ಹಳಿ ಹೋಯಿತು, ಚಟ ಉಳಿಯಿತು. ಮನೆಯಲ್ಲಿ ಮಂಚ, ಬಾಗಿಲ ಕೀಲು, ಕುಕ್ಕರಿನ ಹಿಡಿ ಎಲ್ಲವನ್ನೂ ಬಡಿದರು, ಬಿಗಿದರು. ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನು ಅವರು ಬಿಗಿದ ಮೇಲೆ ಆ ಮನೆಯಲ್ಲಿ ಯಾರೂ ಉಪ್ಪಿನಕಾಯಿ ತಿಂದಿಲ್ಲ. ಇವರನ್ನು ಅಡುಗೆಮನೆಯಿಂದ ಹೊರಗೆ ಹಾಕದಿದ್ದರೆ ತನಗೆ ಹುಚ್ಚು ಹಿಡಿಯುವುದು ಖಂಡಿತ ಎಂದುಕೊಂಡ ಹೆಂಡತಿ ದ್ಯಾವಮ್ಮ, ಅಂಗಳದಲ್ಲಿ ಕನಕಾಂಬರ ಹಾಕಲು ಒಂದು ಮರದ ಪೆಟ್ಟಿಗೆ ಮಾಡಿಕೊಡಿ ಎಂದರು.

ಹಲಗೆ ಕೊಯ್ದದ್ದು ಒಂದೇ ದಿನ. ಅದನ್ನು ಏನು ಹಾಕಿ ಜೋಡಿಸಬೇಕೆಂದು ನನ್ನ ಅಂಗಡಿಯಲ್ಲಿ ಕಳೆದದ್ದು ನಾಲ್ಕು ದಿನ. ಮೊಳೆ ತೋರಿಸಿದೆ, ಹಲಗೆ ನೆನೆದು ಉಬ್ಬಿದರೆ ಎದ್ದು ಬರುತ್ತದೆ ಎಂದರು. ಮಾಮೂಲಿ ಸ್ಕ್ರೂ ತೋರಿಸಿದೆ. ದಿನಾ ನೀರು ಬೀಳುವ ಕಡೆ ತುಕ್ಕು ಹಿಡಿಯುತ್ತದೆ ಎಂದರು. ನನಗೆ ಸಿಟ್ಟು ನೆತ್ತಿಗೇರಿ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಮುಂದಿಟ್ಟು, ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲುಗುವುದಿಲ್ಲ ಎಂದೆ. ಅದೇ ನಾನು ಮಾಡಿದ ತಪ್ಪು.

ಪೆಟ್ಟಿಗೆ ನಿಜಕ್ಕೂ ಅಲುಗಲಿಲ್ಲ. ಸಣ್ಣಯ್ಯ ಹತ್ತು ದಿನ ಬೆಳಿಗ್ಗೆ ಸುತ್ತಿಗೆ ಹಿಡಿದು ಅದನ್ನು ಸುತ್ತಿದರು. ಎಲ್ಲವೂ ಬಿಗಿಯಾಗಿತ್ತು. ಹನ್ನೊಂದನೇ ದಿನ ಮುಖ ಸಪ್ಪೆ ಮಾಡಿಕೊಂಡು ಅಡುಗೆಮನೆಗೆ ವಾಪಸ್ಸಾದರು.

ಅವತ್ತೇ ದ್ಯಾವಮ್ಮ ಆ ಉಪ್ಪಿನಕಾಯಿ ಜಾಡಿಯನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕಿದರು. ನಾನೂ ತಿರುಗಿಸಿ ನೋಡಿದೆ, ಆಗಲಿಲ್ಲ.

"ಸಡ್ಲ ಆಗೋ ಅಂಥದ್ದು ಏನಾದ್ರೂ ಐತಾ, ಷಡಕ್ಷರಪ್ಪೋರೆ?" ಎಂದರು.

ಅಂಥ ಮಾಲು ಕೇಳಿದವರು ಇದುವರೆಗೆ ಯಾರೂ ಇರಲಿಲ್ಲ. ಹದಿನಾರು ನಟ್ಟು-ಬೋಲ್ಟು ಕೊಟ್ಟೆ. ರೈಲನ್ನೇ ಬೋಲ್ಟಿನ ಮೇಲೆ ಓಡಿಸಿದವರು ಪೆಟ್ಟಿಗೆಗೆ ಸ್ಕ್ರೂ ಹಾಕಿದ್ದಾರಲ್ಲ ಅಂತ ಬೀದಿಯವರೆಲ್ಲ ನಗುತ್ತಿದ್ದಾರೆ ಎಂದು ಆಕೆ ಮನೆಗೆ ಹೋಗಿ ಒಂದು ಸುಳ್ಳು ಬಿಟ್ಟರು. ಸಾಯಂಕಾಲದೊಳಗೆ ಸ್ಕ್ರೂ ಹೋಗಿ ಬೋಲ್ಟು ಬಂತು.

ಆಮೇಲಿನ ಸಣ್ಣಯ್ಯನೇ ಬೇರೆ. ದಿನಾ ಬೆಳಿಗ್ಗೆ ಪೆಟ್ಟಿಗೆ ಸುತ್ತಿ, ಬಿಗಿ ಮಾಡಿ, ಸ್ನಾನ, ತಿಂಡಿ ಮುಗಿಸಿ ಅಂಗಡಿಗೆ ಬಂದು ವರದಿ ಒಪ್ಪಿಸುತ್ತಿದ್ದರು: ಇವತ್ತು ಎರಡು ಸಡಿಲವಾಗಿದ್ದವು, ತಾವು ನೋಡದಿದ್ದರೆ ಕನಕಾಂಬರದ ಗತಿ ಏನು? ನಿಂತಲ್ಲೇ ನಿಂತ ಪೆಟ್ಟಿಗೆಯ ನಟ್ಟು ದಿನಾ ಹೇಗೆ ಸಡಿಲವಾಗುತ್ತದೆ? ನನ್ನ ಮಾಲೇ ಕಳಪೆಯೇನೋ ಎಂದು ಒಳಗೊಳಗೇ ಕೊರಗಿದೆ.

ಮೊನ್ನೆ ದ್ಯಾವಮ್ಮ ಬಂದು, ಆ ನಟ್ಟಿಗೆ ಹೊಂದುವ ಚಿಕ್ಕ ಸ್ಪ್ಯಾನರ್ ಬೇಕೆಂದರು. ಮನೆಯಲ್ಲೇ ಇದೆಯಲ್ಲ ಎಂದೆ.

"ಅದನ್ನ ಮುಟ್ಟುದ್ರೆ ಅವ್ರಿಗೆ ಗೊತ್ತಾಗೋಯ್ತದೆ. ಇಷ್ಟ್ ದಿನ ಅವ್ರು ಸ್ನಾನಕ್ಕೆ ಹೋದಾಗ ಅಡುಗೆಮನೆ ಇಕ್ಕಳದಲ್ಲೇ ಸಡ್ಲ ಮಾಡ್ತಿದ್ದೆ. ಅವ್ರ ಕೈ ಭಾಳ ಬಿಗಿ ಕಣ್ರೀ, ನನ್ ಬೆರಳೆಲ್ಲ ನೋಯ್ತವೆ."

ನನಗೆ ನಗು ಬಂತು, ಕಣ್ಣೂ ತುಂಬಿತು. ಅಂಗಡಿಯೆಲ್ಲ ಹುಡುಕಿ, ಕೈಗೆ ಒತ್ತದಂಥ ಸ್ಪ್ಯಾನರ್ ಕೊಟ್ಟೆ.

ಇವತ್ತು ಬೆಳಿಗ್ಗೆ ಸಣ್ಣಯ್ಯ ಎದೆಯುಬ್ಬಿಸಿಕೊಂಡು ಬಂದು, ಒಂಬತ್ತು ಸಡಿಲವಾಗಿದ್ದವು ಎಂದರು.