ಗರಗಸದ ಚಕ್ರದ ದನಿ

ಮೊನ್ನೆ ಮಧುಗಿರಿ ಸಂತೆಯಲ್ಲಿ ನಾನು ಬೆರಳ ಗೆಣ್ಣಿನಿಂದ ಬಡಿದು ಮೆಚ್ಚಿದ ಮಡಕೆಯನ್ನು ನಮ್ಮವಳು ವಾಪಸಿಟ್ಟಳು. "ಇದರ ಬಾಯಿ ಸಣ್ಣದು, ಸೌಟು ಹೋಗಾಕಿಲ್ಲ, ಬುಡಿ" ಎಂದಳು. ಬಿಟ್ಟೆ. ಈ ವಯಸ್ಸಿನಲ್ಲಿ ಮಡಕೆಗಾಗಿ ವಾದ ಮಾಡುವ ತ್ರಾಣ ಯಾರಿಗಿದೆ, ನೀವೇ ಹೇಳಿ. ಆದರೆ ಮನೆ ಸೇರುವಷ್ಟರಲ್ಲಿ ಆ ಮಾತು ನನ್ನನ್ನು ಹಳೆಯ ಕಾಲಕ್ಕೆ ಎಳೆದುಕೊಂಡು ಹೋಗಿ ನಮ್ಮ ಭಾವನ ಮುಂದೆ ನಿಲ್ಲಿಸಿತ್ತು.

ಭಾವ ಎಂದರೆ ಅಕ್ಕನ ಗಂಡ. ಊರಾಚೆಯ ಸಾಮಿಲ್ಲಿನಲ್ಲಿ ಎಣ್ಣೆ ಇಂಜಿನ್ನಿನ ಪಕ್ಕ ಇಪ್ಪತ್ತು ವರ್ಷ ನಿಂತು ಹುಣಸೆ, ಜಾಲಿ ಕೊಯ್ದವರು. ಅದು ಯುದ್ಧದ ಕಾಲ. ವಿಲಾಯತಿಯಿಂದ ಹೊಸ ಗರಗಸದ ಚಕ್ರ ಬರುವುದು ನಿಂತೇ ಹೋಗಿತ್ತು. ಇದ್ದ ಚಕ್ರದ ಹಲ್ಲು ಮೊಂಡಾಗಿ, ಮರವನ್ನು ಕೊಯ್ಯುವ ಬದಲು ಸುಡತೊಡಗಿತ್ತು. ಶಿರಾದ ಸಾಬರೊಬ್ಬರ ಗುಜರಿಯಲ್ಲಿ ಹಳೆಯವು ಇವೆಯೆಂದು ಸುದ್ದಿ ಬಂತು. "ನೀನೂ ಜೊತೇಲಿ ಹೋಗಪ್ಪ" ಎಂದಳು ಅಕ್ಕ. ವಾರವೆಲ್ಲ ಮಕ್ಕಳಿಂದ ಮಗ್ಗಿ ಕೂಗಿಸಿ ಸುಸ್ತಾದ ಮೇಷ್ಟ್ರು ನಾನು. ಇದ್ದೊಂದು ಭಾನುವಾರವೂ ಹೋಯಿತಲ್ಲಾ ಎಂದು ಗೊಣಗಿದೆ. ಗರಗಸಕ್ಕೂ ನನಗೂ ಏನು ಸಂಬಂಧ? ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು ಬೇರೆ. ಏರು ಬಂದಾಗಲೆಲ್ಲ ಇಳಿದು ನೂಕಬೇಕು. ಟಿಕೆಟ್ಟೂ ಕೊಂಡು, ಬಸ್ಸನ್ನು ಶಿರಾಕ್ಕೆ ಮುಟ್ಟಿಸಿದವರೂ ನಾವೇ!

ಗುಜರಿಯಲ್ಲಿ ಭಾವ ಮೊದಲು ಹಲ್ಲು ನೋಡಿದರು. "ಹಸಿ ಮರಕ್ಕೆ ಹಲ್ಲು ಕಮ್ಮಿ ಇರ್ಬೇಕು, ಒಣಗಿದ್ದಕ್ಕೆ ಜಾಸ್ತಿ ಕಣ್ಲಾ" ಎಂದು ನನಗೂ ಪಾಠ ಹೇಳಿದರು. ಆಮೇಲೆ ನಡುವಿನ ತೂತಿಗೆ ಕೋಲು ತೂರಿಸಿ, ಚಕ್ರವನ್ನು ತೂಗುಬಿಟ್ಟು ಕೊಡತಿಯಿಂದ ಬಡಿದು ನೋಡುವುದು. ಗಟ್ಟಿಯಿದ್ದರೆ ಗಂಟೆಯಂತೆ ಗುಂಯ್ ಎನ್ನಬೇಕು. ಕಣ್ಣಿಗೆ ಕಾಣದ ಸೀಳಿದ್ದರೆ ದನಿ ಸತ್ತಿರುತ್ತದೆ. ಅಂಥದ್ದು ತಿರುಗುವಾಗ ಸಿಡಿದರೆ ಎದುರಿಗಿದ್ದವನ ಕಥೆ ಮುಗಿಯಿತು. ಎದುರಿಗೆ ನಿಲ್ಲುವವರು ಭಾವನೇ.

ಬಡಿದರು. ಅದು ಡೊಕ್ ಎಂದಿತು. ಭಾವ ತಲೆದೂಗಿ, "ಭಲೇ ದನಿ! ಇದೇ ಇರ್ಲಿ ಬುಡಿ ಸಾಬ್ರೇ" ಎಂದರು.

ಆ ಹಾಳು ಇಂಜಿನ್ನು ಅವರ ಕಿವಿ ತಿಂದುಹಾಕಿತ್ತು. ಸಾಬರೆದುರು ಬಾಯಿಬಿಟ್ಟರೆ ಸುದ್ದಿ ಸಾಮಿಲ್ಲಿನ ಯಜಮಾನರಿಗೆ ಮುಟ್ಟುತ್ತದೆ. ಕಿವುಡನನ್ನು ಗರಗಸದ ಮುಂದೆ ಯಾರು ನಿಲ್ಲಿಸಿಕೊಳ್ಳುತ್ತಾರೆ? ಸುಮ್ಮನಿದ್ದರೆ ಅಕ್ಕನ ತಾಳಿ.

"ಭಾವ, ಇದರ ತೂತು ನಮ್ಮ ಮಿಷನ್ನಿಗೆ ದೊಡ್ಡದಾಯ್ತದೆ, ಬ್ಯಾಡ!" ಎಂದು ಕೂಗಿದೆ.

ಭಾವ ಅಳತೆಗೆಂದು ಕೆತ್ತಿ ತಂದಿದ್ದ ಮರದ ಗೂಟವನ್ನು ಜೇಬಿನಿಂದ ತೆಗೆದು ತೂತಿಗೆ ಹಾಕಿದರು. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ನನ್ನ ಮುಖ ನೋಡಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ, ಕೆಂಪಾಗಿರಬೇಕು. ಅವರು ಗೂಟವನ್ನು ಮೆಲ್ಲಗೆ ಜೇಬಿಗಿಳಿಸಿ, "ಹೂ ಕಣ್ಲಾ, ದೊಡ್ಡದೇ" ಎಂದರು. ಮುಂದಿನ ಚಕ್ರವನ್ನು ನನ್ನ ಕಡೆ ತಳ್ಳಿ, "ನನ್ ಕೈ ನೋಯ್ತದೆ, ನೀನೇ ಬಡಿ" ಎಂದರು.

ನಾನು ಬಡಿಯುತ್ತಿದ್ದೆ, ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾಲ್ಕನೆಯದು ಗುಂಯ್ ಎಂದಾಗ ನಾನು ನಕ್ಕೆ. ಅವರೂ ನಕ್ಕರು.

ಹಿಂದಿರುಗುವಾಗ ಬಸ್ಸು ನೂಕುತ್ತ, "ನಿಮ್ಮಕ್ಕಂಗೆ ಹೇಳ್ಬ್ಯಾಡ" ಎಂದರು. ಅಕ್ಕ ನನ್ನನ್ನು ಜೊತೆಗೆ ಅಟ್ಟಿದ್ದು ಏಕೆಂದು ಆಗ ತಿಳಿಯಿತು. ಪಾಪ, ಭಾವನಿಗೆ ಅದನ್ನು ಹೇಳಲಿಲ್ಲ.

ಈಗ ಅಡುಗೆಮನೆಯಲ್ಲಿ ನಮ್ಮವಳು ಆರಿಸಿ ತಂದ ಮಡಕೆ ಇದೆ. ಅದಕ್ಕೆ ಸೌಟು ಇಳಿಸಿ ನೋಡಿದೆ, ಅಂಚಿಗೆ ಸಿಕ್ಕಿಕೊಂಡಿತು. ನಾನು ಮೆಚ್ಚಿದ್ದಕ್ಕಿಂತ ಇದರ ಬಾಯಿಯೇ ಸಣ್ಣದು. ಗೆಣ್ಣಿನಿಂದ ಬಡಿದೆ. ಏನೂ ಕೇಳಿಸಲಿಲ್ಲ. ತಿರುಗಿದರೆ ಅವಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಹೂ ಕಣೇ, ಸಂತೇಲಿ ಬಿಟ್ಟೆವಲ್ಲ, ಅದರ ಬಾಯಿ ಸಣ್ಣದೇ ಇತ್ತು" ಎಂದೆ. "ಇನ್ಮೇಲೆ ನೀನೇ ಬಡಿದು ನೋಡು. ನನ್ನ ಕೈ ನೋಯ್ತದೆ."